56 ಮೊಟ್ಟೆಯ ಕಾವು ಪೆಟ್ಟಿಗೆ: ಪುಣೆಯ ಹಿತ್ತಲಿಗೆ ಆಗಿಬರುತ್ತದೆಯೇ?

ಮೊದಲು ತೀರ್ಪು, ಆಮೇಲೆ ವಿವರ. ಕೋಳಿಗೂಡು ಖಾಲಿಯಾಯಿತು, ಲೆಕ್ಕ ತುಂಬಿಸಬೇಕು ಎನ್ನುವುದಷ್ಟೇ ಉದ್ದೇಶವಾದರೆ ಈ ಪೆಟ್ಟಿಗೆ ಬೇಡ. ಒಂದೂವರೆ ತಿಂಗಳ ಮರಿ ತರುವುದೇ ಅಗ್ಗ, ಬೇಗ. ಊರ ಕಡೆಯ ಜವಾರಿ ಕೋಳಿಯೇ ಮತ್ತೆ ಅಂಗಳದಲ್ಲಿ ಕೆದಕಬೇಕು ಎನ್ನುವವರಿಗೆ ಮಾತ್ರ ಇದರ ಕೆಲಸವಿದೆ. ವಿಜಯಪುರ, ಇಂಡಿ, ಜಮಖಂಡಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಕೋಳಿ ತರುವುದು ರಗಳೆ, ಮೊಟ್ಟೆ ತರುವುದು ಸಲೀಸು. ಕಾವಿಗೆ ಕೂರಿಸೋಣವೆಂದರೆ ಮನೆಯಲ್ಲಿ ಒಂದು ಹೇಂಟೆಯೂ ಉಳಿದಿರುವುದಿಲ್ಲ. ಆದರೆ ಡಬ್ಬಿಯಿಂದ ತೆಗೆದ ಹಾಗೆಯೇ ಪ್ಲಗ್ ಚುಚ್ಚಿ ಮೊಟ್ಟೆ ತುಂಬಿದರೆ ಅರ್ಧಕ್ಕರ್ಧ ಮೊಟ್ಟೆ ಹಾಳು. ಯಂತ್ರದ ಪರದೆ ತೋರಿಸುವ ಶಾಖ, ತೇವ ಎರಡು ಅಂಕಿಗಳನ್ನೂ ಮೊದಲ ದಿನ ನಂಬಬಾರದು.

ಇಲ್ಲಿ ಮಾತಾಡುತ್ತಿರುವುದು ಐದಾರು ಸಾವಿರ ರೂಪಾಯಿಗೆ ಹತ್ತಾರು ಹೆಸರಿನಲ್ಲಿ ಸಿಗುವ ಪ್ಲಾಸ್ಟಿಕ್ ಪೆಟ್ಟಿಗೆಯ ಬಗ್ಗೆ. ಹೊರಗಿನ ಸ್ಟಿಕರ್ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಮುಚ್ಚಳದಲ್ಲಿ ಹೀಟರ್ ಮತ್ತು ಫ್ಯಾನ್, ತಳದಲ್ಲಿ ನೀರಿನ ಕಾಲುವೆ, ಮೇಲೆ ಜಾಲರಿ, ಮೊಟ್ಟೆಗಳನ್ನು ಉರುಳಿಸಲು ಹಿಂದೆಮುಂದೆ ಸರಿಯುವ ಅಡ್ಡಪಟ್ಟಿಗಳ ಚೌಕಟ್ಟು, ಎಕ್ಸ್‌ಎಂ-18 ಮಾದರಿಯ ಕಂಟ್ರೋಲರ್. 220 ವೋಲ್ಟ್ ಜೊತೆಗೆ 12 ವೋಲ್ಟ್ ಬ್ಯಾಟರಿಯನ್ನೂ ಹಾಕುವ ಸೌಲಭ್ಯವಿರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ.

ಶಾಖದ ವಿಚಾರ. ಫ್ಯಾನ್ ಇರುವ ಪೆಟ್ಟಿಗೆಗೆ 37.5ರಿಂದ 37.7 ಡಿಗ್ರಿ ಬೇಕು. ಹಲವು ಪೆಟ್ಟಿಗೆಗಳಲ್ಲಿ ಪರದೆ 37.8 ಎಂದು ತೋರಿಸುವಾಗ ಮೊಟ್ಟೆಯ ಮಟ್ಟದಲ್ಲಿ ನಿಜವಾಗಿ 37 ಇರಬಹುದು, 38.5 ಕೂಡ ಇರಬಹುದು. ಪರೀಕ್ಷೆ ಹೀಗೆ ಮಾಡಿ: ಮೆಡಿಕಲ್ ಅಂಗಡಿಯ ಡಿಜಿಟಲ್ ಜ್ವರದ ಥರ್ಮಾಮೀಟರ್, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಪ್ರೋಬ್ ಥರ್ಮಾಮೀಟರ್, ಇವೆರಡನ್ನೂ ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಅಕ್ಕಪಕ್ಕ ಹಿಡಿದು ಪ್ರೋಬ್‌ನ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಯಂತ್ರದ ಸೆನ್ಸರನ್ನು ನೀರಿಗೆ ಅದ್ದಬೇಡಿ, ಅದರೊಳಗೇ ತೇವ ಅಳೆಯುವ ಭಾಗವೂ ಇದೆ, ಕೆಟ್ಟುಹೋಗುತ್ತದೆ. ಆಮೇಲೆ ಖಾಲಿ ಪೆಟ್ಟಿಗೆಯನ್ನು ಇಡೀ ದಿನ ಓಡಿಸಿ, ಪ್ರೋಬ್ ತುದಿಯನ್ನು ಮೊಟ್ಟೆಯ ನೆತ್ತಿಯ ಎತ್ತರದಲ್ಲಿ, ಮೊದಲು ನಡುವೆ, ಬಳಿಕ ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ. ಸೆಟ್ ಗುಂಡಿಯನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಎಎಲ್, ಎಎಚ್, ಎಎಸ್, ಸಿಎ ಎಂದು ಒಂದೊಂದಾಗಿ ಬರುತ್ತವೆ. ಮೊದಲ ಮೂರು ಅಲಾರಮ್ಮಿನವು; ಸಿಎ ಎನ್ನುವುದೇ ತಿದ್ದುಪಡಿ. ಪರದೆ 37.8, ಪ್ರೋಬ್ 37.1 ಎಂದಿದ್ದರೆ ಸಿಎಯಲ್ಲಿ ಮೈನಸ್ 0.7 ಹಾಕಬೇಕು. ನಡುವಿಗೂ ಮೂಲೆಗೂ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಫ್ಯಾನ್ ಸೋತಿದೆ ಎಂದರ್ಥ. ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಪಕೀರ ಗಲ್ಲಿಯಲ್ಲಿ ಅದೇ ಅಳತೆಯ 12 ವೋಲ್ಟ್ ಫ್ಯಾನ್ ತಂದು ಬದಲಿಸಬಹುದು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಿಗಾದರೂ ಆಗುವ ಕೆಲಸ.

ತೇವದ ವಿಚಾರದಲ್ಲಿ ಜೊತೆಗೆ ಬರುವ ಕರಪತ್ರವನ್ನು ಮಡಚಿ ಒಳಗಿಡಿ. ಎರಡೂ ಕಾಲುವೆಗೆ ದಿನಾ ನೀರು ತುಂಬಿ ಎಂದು ಅದು ಹೇಳುತ್ತದೆ. ಯಾವ ಊರು, ಯಾವ ತಿಂಗಳು ಎಂದು ಕೇಳುವುದೇ ಇಲ್ಲ. ಹೊರಗಿನ ಗಾಳಿ ಒಳಗೆ ಹೋಗಿ 37.5ಕ್ಕೆ ಬಿಸಿಯಾದಾಗ ಅದರ ತೇವಾಂಶದ ಶೇಕಡಾ ಇಳಿಯುತ್ತದೆ. ಪುಣೆಯ ಆಗಸ್ಟ್‌ನಲ್ಲಿ 25 ಡಿಗ್ರಿ, ಶೇ. 85 ತೇವ ಇರುವ ಗಾಳಿ ಪೆಟ್ಟಿಗೆಯೊಳಗೆ ಸುಮಾರು ಶೇ. 42 ಆಗುತ್ತದೆ. ಜುಲೈಯ ಮುಂಬೈಯಲ್ಲಿ 29 ಡಿಗ್ರಿ, ಶೇ. 85 ಇದ್ದರೆ ಒಳಗೆ ಶೇ. 53. ಅಂದರೆ ಠಾಣೆ, ಡೊಂಬಿವಲಿಯವರು, ಗೋವೆಯ ವಾಸ್ಕೋದವರು ಮಳೆಗಾಲದಲ್ಲಿ ಮೊದಲ 18 ದಿನ ಒಂದು ತೊಟ್ಟೂ ನೀರು ಹಾಕಬೇಕಿಲ್ಲ. ಅದೇ ಪುಣೆಯ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ, ಶೇ. 20 ಇದ್ದಾಗ ಒಳಗೆ ಶೇ. 18ಕ್ಕೆ ಕುಸಿಯುತ್ತದೆ, ಆಗ ಎರಡು ಕಾಲುವೆಯೂ ಸಾಲದು. ಬೇಕಾದದ್ದು 18ನೇ ದಿನದವರೆಗೆ ಶೇ. 45ರಿಂದ 55, ಕೊನೆಯ ಮೂರು ದಿನ 65ರಿಂದ 70. ನೀರಿನ ಆಳ ಹೆಚ್ಚಿಸಿ ಪ್ರಯೋಜನವಿಲ್ಲ, ಹರವು ಹೆಚ್ಚಬೇಕು. ಒದ್ದೆ ಸ್ಪಂಜು ಇಟ್ಟರೆ ಹರವು ಹೆಚ್ಚುತ್ತದೆ.

ತೇವದ ಅಂಕಿ ಸರಿಯೇ ಎಂದು ನೋಡಲು ಉಪ್ಪಿನ ಪರೀಕ್ಷೆ ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಗಂಜಿಯ ಹದಕ್ಕೆ ನೀರು ಬೆರೆಸಿ, ಅದರೊಂದಿಗೆ ಬೇರೊಂದು ತೇವಮಾಪಕವನ್ನು ಜಿಪ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ 8 ಗಂಟೆ ಬಿಡಿ. ಶೇ. 75 ತೋರಿಸಬೇಕು. ಎಷ್ಟು ಕಡಿಮೆಯೋ ಹೆಚ್ಚೋ ಅದೇ ಅದರ ತಪ್ಪು. ಅದನ್ನು ಲೆಕ್ಕಕ್ಕೆ ಹಿಡಿದು, ಆ ಮಾಪಕವನ್ನು ಪೆಟ್ಟಿಗೆಯೊಳಗಿಟ್ಟು ಪರದೆಯ ಅಂಕಿಯೊಂದಿಗೆ ಹೋಲಿಸಿ. ಅದಕ್ಕಿಂತ ಗಟ್ಟಿ ಸಾಕ್ಷಿ ಅಡುಗೆಮನೆಯ ತಕ್ಕಡಿ. 18 ದಿನದಲ್ಲಿ ಮೊಟ್ಟೆಯ ತೂಕ ಶೇ. 11ರಿಂದ 13 ಇಳಿಯಬೇಕು. 42 ಗ್ರಾಂನ 20 ಜವಾರಿ ಮೊಟ್ಟೆ 840 ಗ್ರಾಂ. 7ನೇ ದಿನಕ್ಕೆ ಸುಮಾರು 40 ಗ್ರಾಂ, 18ಕ್ಕೆ 100 ಗ್ರಾಂ ಇಳಿದಿರಬೇಕು. 7ನೇ ದಿನಕ್ಕೆ ಬರೀ 25 ಇಳಿದಿದ್ದರೆ ನೀರು ತೆಗೆಯಿರಿ, 60 ಇಳಿದಿದ್ದರೆ ಸ್ಪಂಜು ಇಡಿ. ತೇವ ಹೆಚ್ಚಿಸಲೆಂದು ಗಾಳಿಯ ಕಿಂಡಿ ಮುಚ್ಚುವವರಿದ್ದಾರೆ. ಹೊರಬರುವ ಹೊತ್ತಿಗೆ ಮರಿಗೆ ಗಾಳಿ ಅತಿ ಹೆಚ್ಚು ಬೇಕು, ಮುಚ್ಚಿದರೆ ಚಿಪ್ಪಿನೊಳಗೇ ಸಾಯುತ್ತದೆ.

ಮೊಟ್ಟೆ ಹೊರಳಿಸುವ ಚೌಕಟ್ಟು ಫಾರಂ ಮೊಟ್ಟೆಯ ಗಾತ್ರಕ್ಕೆ ಮಾಡಿದ್ದು. ಜವಾರಿ ಮೊಟ್ಟೆ ಸಣ್ಣದು, ಪಟ್ಟಿಗಳ ನಡುವೆ ಅಡ್ಡಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಉರುಳದೆ ಜಾರುತ್ತದೆ. ಪೆನ್ಸಿಲ್ಲಿನಲ್ಲಿ ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆ ಬರೆದು, ಎರಡು ಗಂಟೆಗೊಮ್ಮೆ ಮೋಟಾರು ಓಡಿದ ಬಳಿಕ ಎಷ್ಟು ಮೊಟ್ಟೆಯ ಗುರುತು ಬದಲಾಯಿತು ನೋಡಿ. ಬದಲಾಗದವನ್ನು ದಿನಕ್ಕೆ ಮೂರು ಸಲವಾದರೂ ಕೈಯಿಂದ ತಿರುಗಿಸಬೇಕು. ಪಟ್ಟಿಗೆ ತೆಳು ರಬ್ಬರ್ ಅಂಟಿಸಿ ಸಂದು ಕಿರಿದು ಮಾಡಿದರೂ ಆಗುತ್ತದೆ. ಈ ಯಂತ್ರಕ್ಕೆ ಅಂಕ ಕಳೆಯುವುದಿದ್ದರೆ ಇಲ್ಲಿಯೇ ಕಳೆಯಬೇಕು.

ಕರೆಂಟ್ ಹೋದರೆ? ಪುಣೆಯಲ್ಲಿ ಗುರುವಾರದ ರಿಪೇರಿ ಕಟ್ ಎಲ್ಲರಿಗೂ ಗೊತ್ತು. 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಒಂದೂವರೆ ಗಂಟೆ ಎಳೆದರೆ ಹೆಚ್ಚು. ಮನೆಯ ಇನ್ವರ್ಟರಿನ ಸಾಲಿಗೆ ಜೋಡಿಸುವುದೇ ವಾಸಿ. ಎರಡೂ ಇಲ್ಲದಿದ್ದರೆ ಮುಚ್ಚಳ ತೆಗೆಯದೆ ಕಂಬಳಿ ಹೊದಿಸಿ, ಕಿಂಡಿ ಮಾತ್ರ ಬಿಡಿ. ಎರಡು ಗಂಟೆ ತಣ್ಣಗಾದರೆ ಮೊಟ್ಟೆ ತಡೆಯುತ್ತದೆ, ಎರಡನೇ ವಾರದ ನಂತರ ಭ್ರೂಣದ ಸ್ವಂತ ಕಾವೂ ಇರುತ್ತದೆ. ಕೊಲ್ಲುವುದು ಅತಿಶಾಖ. ಹಾಗಾಗಿ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ, ತಗಡಿನ ಮಾಡಿನ ಬಾಲ್ಕನಿಯಲ್ಲಿ ಇಡಲೇಬಾರದು.

ಇನ್ನು ಒಳಗಿಡುವ ಮೊಟ್ಟೆ. ಕಿರಾಣಿ ಅಂಗಡಿಯ ಬಿಳಿ ಮೊಟ್ಟೆಯಲ್ಲಿ ಮರಿಯಿಲ್ಲ, ಅಲ್ಲಿ ಹುಂಜವೇ ಇರುವುದಿಲ್ಲ. ವಾರದ ಸಂತೆಯಲ್ಲಿ ಗಾವರಾನ್ (ಜವಾರಿ) ಎಂದು ಮಾರುವುದು ಎಷ್ಟು ದಿನದ್ದೋ ಹೇಳಲಾಗದು. ಹತ್ತು ಹೇಂಟೆಗೊಂದು ಹುಂಜ ಇರುವ ಮನೆಯಿಂದ, ಇಟ್ಟು ಏಳು ದಿನದೊಳಗಿನ ಮೊಟ್ಟೆ ಬೇಕು. ಬೇಸಿಗೆಯಲ್ಲಿ ನಾಲ್ಕೇ ದಿನ, ಏಕೆಂದರೆ 21 ಡಿಗ್ರಿ ದಾಟಿದ ಕೋಣೆಯಲ್ಲಿ ಭ್ರೂಣ ಅರೆಬರೆ ಬೆಳೆಯತೊಡಗಿ ಸೋಲುತ್ತದೆ. ಕಾಗದದ ಟ್ರೇಯಲ್ಲಿ ಚೂಪು ತುದಿ ಕೆಳಗೆ ಮಾಡಿ, ಟ್ರೇಯನ್ನು ಹೊಟ್ಟಿನ ಡಬ್ಬಿಗೆ ಇಳಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ. ಹಿಂದಿನ ಚಕ್ರದ ಮೇಲಿನ ಸೀಟು, ಡಿಕ್ಕಿ ಎರಡೂ ಬೇಡ. ಮನೆಗೆ ಬಂದ ಕೂಡಲೇ ಯಂತ್ರಕ್ಕೆ ಹಾಕದೆ 12ರಿಂದ 24 ಗಂಟೆ ಹಾಗೆಯೇ ಅಲ್ಲಾಡಿಸದೆ ಬಿಟ್ಟರೆ ಮೊಟ್ಟೆಯೊಳಗಿನ ಅದುರಿದ ಗಾಳಿಗೂಡು ಸ್ಥಿರವಾಗುತ್ತದೆ. ತೊಳೆಯಬಾರದು. ಹೊಲಸಾದದ್ದನ್ನು ಬದಿಗಿಡಿ.

ಗೂಡು ಏಕೆ ಖಾಲಿಯಾಯಿತು ಎನ್ನುವುದು ತಿಳಿಯದೆ ಸ್ವಿಚ್ ಒತ್ತಬಾರದು. ಮುಂಗುಸಿ, ಬೆಕ್ಕು ಎಂದಾದರೆ ಅರ್ಧ ಇಂಚಿನ ಬೆಸುಗೆ ಜಾಲರಿಯ ಕೆಲಸ ಮೊದಲು. ಕತ್ತು ತಿರುಚಿ, ಹಸಿರು ಭೇದಿಯಾಗಿ ಸತ್ತಿದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಮರಾಠಿಯವರು ಮಾನಮೋಡಿ ಎನ್ನುವುದು ಇದನ್ನೇ. ಒಂದೆರಡು ದಿನದಲ್ಲಿ ಒಟ್ಟಿಗೆ ಸತ್ತಿದ್ದರೆ ಪಶುವೈದ್ಯಾಧಿಕಾರಿಗೆ ತಿಳಿಸಿ; ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಇದೇ ರಾಜ್ಯದ ನವಾಪುರದಲ್ಲಿ. ಔಂಧ್‌ನಲ್ಲಿ ಪಶ್ಚಿಮ ವಲಯದ ಪಶುರೋಗ ಪ್ರಯೋಗಾಲಯವಿರುವುದು ಪುಣೆಯವರ ಪುಣ್ಯ. ರೋಗ ಬಂದ ಹಿಂಡಿನ ಕೊನೆಯ ಮೊಟ್ಟೆಗಳನ್ನು ‘ಅದೇ ತಳಿ ಉಳಿಯಲಿ’ ಎಂಬ ಆಸೆಗೆ ಕಾವಿಗಿಡುವುದುಂಟು. ಬೇಡ. ಬಿಳಿ ಭೇದಿ, ಉಸಿರಾಟದ ರೋಗ ತರುವ ಮೈಕೋಪ್ಲಾಸ್ಮಾ ಎರಡೂ ತಾಯಿಯಿಂದ ಮೊಟ್ಟೆಗೆ ಇಳಿಯುತ್ತವೆ. ಯಂತ್ರದೊಳಗೆ ಒಂದು ಮರಿ ತಂದದ್ದನ್ನು ಫ್ಯಾನ್ ಎಲ್ಲಕ್ಕೂ ಹಂಚುತ್ತದೆ. ಈ ಯಂತ್ರದ ಒಂದು ಗುಣವೆಂದರೆ ಅವಸರವನ್ನು ತಡೆಯುತ್ತದೆ: ಕಾವಿನ 21 ದಿನ, ಬೇರೊಂದು ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಮರಿಗಳಿಗೆ ಇನ್ನೂ ನಾಲ್ಕೈದು ವಾರ. ಅಷ್ಟರಲ್ಲಿ ಹಳೆಯ ಹೊಟ್ಟು ತೆಗೆದು, ಗೂಡು ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಖಾಲಿ ಬಿಡಲು ಬೇಕಾದಷ್ಟು ಸಮಯ.

7ನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡದಂತೆ ನರ ಹರಡಿದ್ದು ಜೀವಂತ, ತಿಳಿಯಾಗಿರುವುದು ಬಂಜೆ, ಕೆಂಪು ಉಂಗುರವಿದ್ದರೆ ಸತ್ತದ್ದು. 14ಕ್ಕೆ ಮತ್ತೊಮ್ಮೆ. 18ಕ್ಕೆ ಅಡ್ಡಪಟ್ಟಿ ತೆಗೆದು, ಮರಿಯ ಕಾಲು ಜಾರಿ ಅಗಲವಾಗದಂತೆ ಜಾಲರಿಯ ಮೇಲೆ ಒರಟು ಮ್ಯಾಟ್ ಹಾಸಿ, ಕಿಂಡಿ ಪೂರ್ತಿ ತೆರೆದು, ತೇವ ಏರಿಸಿ, ಮುಚ್ಚಳ ಮುಚ್ಚಿಬಿಡಿ. ನೀರು ಸೇರಿಸಲು ಕಿಂಡಿಯಿಂದ ಸಣ್ಣ ಪೈಪು ಇಳಿಸಿ ಸಿರಿಂಜಿನಲ್ಲಿ ಹಾಕಬಹುದು. ಚಿಪ್ಪು ಒಡೆದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಕುತೂಹಲಕ್ಕೆ ಮುಚ್ಚಳ ಎತ್ತಿದರೆ ಒಳಪೊರೆ ಒಣಗಿ ಮರಿಗೆ ಅಂಟುತ್ತದೆ. ಹೊರಬಂದ ಮರಿ ಎರಡು ದಿನ ಹೊಟ್ಟೆಯಲ್ಲಿರುವ ಹಳದಿಯ ಮೇಲೇ ಬದುಕುತ್ತದೆ, ಅವಸರವಿಲ್ಲ. 20ನೇ ದಿನಕ್ಕೇ ಬಂದು ಹೊಕ್ಕುಳು ಹಸಿಯಾಗಿದ್ದರೆ ಶಾಖ ಹೆಚ್ಚಾಗಿತ್ತು. 22, 23 ದಾಟಿ ದೊಡ್ಡ ಮೆತ್ತನೆ ಹೊಟ್ಟೆಯೊಂದಿಗೆ ಬಂದರೆ ಕಡಿಮೆಯಾಗಿತ್ತು. ಮುಂದಿನ ಸಲ ಸಿಎ ತಿದ್ದಿ.

40 ಮೊಟ್ಟೆ ಇಟ್ಟರೆ 20 ಮರಿ ಎಂದು ಲೆಕ್ಕ ಇಟ್ಟುಕೊಳ್ಳಿ, ಅದರಲ್ಲಿ ಅರ್ಧ ಹುಂಜ. ಸೊಸೈಟಿಯವರಿಗೆ ಬೆಳಗಿನ ಜಾವ ನಾಲ್ಕಕ್ಕೆ ಹತ್ತು ಹುಂಜಗಳ ಕೂಗು ಕೇಳಿಸುವ ಮುಂಚೆ ಅವುಗಳ ವ್ಯವಸ್ಥೆ ಯೋಚಿಸಿರಬೇಕು. ಹ್ಯಾಚರಿಯ ಮರಿಗೆ ಮೊದಲ ದಿನವೇ ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಬಿದ್ದಿರುತ್ತದೆ, ಮನೆಯಲ್ಲಿ ಹುಟ್ಟಿದ್ದಕ್ಕೆ ಇಲ್ಲ. ಈ ಕೊರತೆ ಯಂತ್ರದ ಜಾಹೀರಾತಿನಲ್ಲಿ ಕಾಣುವುದಿಲ್ಲ. ಕೊಕ್ಕರೆ ರೋಗಕ್ಕೆ ಲಸೋಟ ಲಸಿಕೆ 5ರಿಂದ 7ನೇ ದಿನ ಕಣ್ಣಿಗೊಂದು ಹನಿ, 28ಕ್ಕೆ ಇನ್ನೊಮ್ಮೆ. ಎಂಟನೇ ವಾರದಲ್ಲಿ ಅದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಸೀಸೆಗಳು ನೂರಾರು ಡೋಸಿನವು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ತರುವಾಗ ಐಸ್ ಡಬ್ಬಿ ಬೇಕು. ಅಕ್ಕಪಕ್ಕದ ಸಾಕಣೆದಾರರೊಂದಿಗೆ ಒಂದೇ ದಿನ ಗೊತ್ತುಮಾಡಿಕೊಂಡರೆ ಸೀಸೆ ದಂಡವಾಗದು.

ಮರಿ ಕೊಳ್ಳುವ ದಾರಿಯೊಂದಿಗೆ ಹೋಲಿಕೆಗೆ: ಮುಂಬೈಯವರಿಗೆ ಗೋರೆಗಾಂವ್‌ನ ಆರೇ ಕಾಲೊನಿಯಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ, ನಮ್ಮ ಹೆಸರಘಟ್ಟದ್ದರ ತಂಗಿ ಎನ್ನಬಹುದು. ಮೊಟ್ಟೆಯೇ ಮುಖ್ಯವಾದರೆ ಗ್ರಾಮಪ್ರಿಯದಂಥ ತಳಿ ಹಿತ್ತಲಲ್ಲೂ ವರ್ಷಕ್ಕೆ 160ರ ಆಸುಪಾಸು ಇಡುತ್ತದೆ, ಜವಾರಿಯದು ಅದರ ಅರ್ಧ. ಆದರೆ ಗ್ರಾಮಪ್ರಿಯ ಕಾವಿಗೆ ಕೂರುವುದು ಅಪರೂಪ. ಜವಾರಿಯ ಮೊದಲ ಹೇಂಟೆ ಕಾವಿಗೆ ಕೂತ ದಿನ ಈ ಪೆಟ್ಟಿಗೆ ಅಟ್ಟ ಸೇರುತ್ತದೆ, ಅದು 10–12 ಮೊಟ್ಟೆಯನ್ನು ಯಾವ ಅಂಕಿಯೂ ಇಲ್ಲದೆ ಮರಿ ಮಾಡುತ್ತದೆ. ಹಾಗಾಗಿ ಮೂರು ಮನೆ ಸೇರಿ ಒಂದು ಪೆಟ್ಟಿಗೆ ಕೊಳ್ಳುವುದು ಸರಿ. ಒಂದು ಮನೆಯಿಂದ ಇನ್ನೊಂದಕ್ಕೆ ಕೊಡುವ ಮುನ್ನ ಪುಕ್ಕದ ಧೂಳು ಒರೆಸಿ, ತಟ್ಟೆ ಜಾಲರಿಗಳನ್ನು ಬ್ಲೀಚ್ ನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ. ಮುಚ್ಚಳಕ್ಕೆ ಮಾತ್ರ ನೀರು ತಾಗಿಸಬೇಡಿ, ಸರ್ಕ್ಯೂಟ್ ಅದರಲ್ಲೇ ಇರುವುದು.