ಸರ್ಟಿಫಿಕೇಟ್ ನೋಡಿ ದುಡ್ಡು ಕಟ್ಟಬೇಡಿ: ಮಕ್ಕಳ ಆನ್‌ಲೈನ್ ಸುರಕ್ಷತೆಯ ತರಬೇತಿಯಲ್ಲಿ ನನಗಾದದ್ದು

ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಯಾವ ಶಾಲೆ, ಯಾವ ಪಂಚಾಯತು ಎಂದು ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ಓದುವಾಗ ನಿಮಗೇ ಗೊತ್ತಾಗುತ್ತದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇರುವ ನಮ್ಮ ಕನ್ನಡ ಟೀಚರ್‌ಗಳು, ಅಂಗನವಾಡಿಯವರು, ಪಿಟಿಎಯಲ್ಲಿರುವ ಅಮ್ಮಂದಿರು ಇದನ್ನು ಓದಲೇಬೇಕು ಅಂತ ಬರೆಯುತ್ತಿದ್ದೇನೆ.

ಕಳೆದ ವರ್ಷ ಮೇ ತಿಂಗಳು. ಶಾಲೆ ಶುರುವಾಗಲು ಎರಡು ವಾರ ಇತ್ತು. ಟೀಚರ್‌ಗಳ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂತು. ಮಕ್ಕಳನ್ನು ಆನ್‌ಲೈನ್‌ನಲ್ಲಿ ಸುರಕ್ಷಿತವಾಗಿಡುವ ಬಗ್ಗೆ 3 ದಿನದ ತರಬೇತಿ, ಕೊನೆಗೆ 'ಸರ್ಟಿಫೈಡ್ ಚೈಲ್ಡ್ ಆನ್‌ಲೈನ್ ಸೇಫ್ಟಿ ಆಫೀಸರ್' ಎಂಬ ಸರ್ಟಿಫಿಕೇಟ್, 2,999 ರೂಪಾಯಿ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಪೂರ್ತಿ ಕನ್ನಡದಲ್ಲಿ' ಎಂದಿತ್ತು.

ಆ ಕೊನೆಯ ಮಾತಿಗೇ ನಾವು ಸೋತದ್ದು. ನಮ್ಮ ಕಡೆಯವರಿಗೆ ಇದು ವಿವರಿಸಬೇಕಾಗಿಲ್ಲ. ಇಲಾಖೆಯ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ತರಬೇತಿ ಮಲಯಾಳದಲ್ಲಿ ನಡೆಯುತ್ತದೆ, ಪುಸ್ತಕ ಕೇಳಿದರೆ ಇಂಗ್ಲಿಷಿನದ್ದು ಕೈಗೆ ಬರುತ್ತದೆ. ಅರ್ಧ ಅರ್ಥ ಮಾಡಿಕೊಂಡು, ಇನ್ನರ್ಧ ಪಕ್ಕದವರನ್ನು ಕೇಳಿ ನಡೆಸುವುದು ನಮಗೆ ಅಭ್ಯಾಸವಾಗಿದೆ. ಹೀಗಿರುವಾಗ ಯಾರೋ ನಮ್ಮ ಭಾಷೆಯಲ್ಲೇ ಕಲಿಸುತ್ತೇವೆ ಅಂದರೆ ಕಿವಿ ನೆಟ್ಟಗಾಗುತ್ತದೆ. ನಾವು 6 ಜನ ಸೇರಿದೆವು.

ಪೋಸ್ಟರ್‌ನಲ್ಲಿ ಇನ್ನೊಂದು ಸಾಲಿತ್ತು: '2020ರ ಪೋಕ್ಸೋ ನಿಯಮದ ಪ್ರಕಾರ ಶಾಲಾ ಸಿಬ್ಬಂದಿಗೆ ತರಬೇತಿ ಕಡ್ಡಾಯ.' ಪೋಕ್ಸೋ ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು. ಆ ಸಾಲು ಸುಳ್ಳಲ್ಲ, ಅದೇ ಅಪಾಯ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಆಗಾಗ ತರಬೇತಿ ಕೊಡಿಸಬೇಕು, ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಮಾಡಿಸಬೇಕು ಎಂದು ಆ ನಿಯಮಗಳಲ್ಲಿ ನಿಜವಾಗಿಯೂ ಇದೆ. ಆದರೆ ಇಂಥ ಖಾಸಗಿ ಕಂಪನಿಯ ಸರ್ಟಿಫಿಕೇಟನ್ನೇ ದುಡ್ಡು ಕೊಟ್ಟು ತನ್ನಿ ಅಂತ ಅದರಲ್ಲಿ ಎಲ್ಲೂ ಇಲ್ಲ. ನಿಜದ ಪಕ್ಕದಲ್ಲಿ ತಮ್ಮ ಸರಕು ಇಟ್ಟು ಮಾರಿದರು. ನಾವು ಎರಡನ್ನೂ ಒಂದೇ ಅಂದುಕೊಂಡೆವು.

ತರಬೇತಿ ಹೇಗಿತ್ತು? ದಿನಕ್ಕೆ ಒಂದು ಗಂಟೆ, ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ. ಮಕ್ಕಳು ಜಾಸ್ತಿ ಮೊಬೈಲ್ ನೋಡಿದರೆ ಕಣ್ಣು ಹಾಳಾಗುತ್ತದೆ, ಪಾಸ್‌ವರ್ಡ್ ಯಾರಿಗೂ ಹೇಳಬಾರದು, ರಾತ್ರಿ ಮಲಗುವಾಗ ಫೋನ್ ದೂರ ಇಡಬೇಕು. ಇದು ನಮ್ಮ ಅತ್ತೆಯೂ ಹೇಳುತ್ತಾರೆ. ಪ್ರಶ್ನೆ ಕೇಳಲು ಅವಕಾಶ ಇರಲಿಲ್ಲ, ಕೇಳಿದ್ದನ್ನು ಗುಂಪಿನಲ್ಲಿ ಹಾಕಿದರೆ ಕೈಮುಗಿದ ಚಿತ್ರ ಬರುತ್ತಿತ್ತು ಅಷ್ಟೇ. ಮೂರನೇ ದಿನ 10 ಪ್ರಶ್ನೆಯ ಪರೀಕ್ಷೆ. ಅದರಲ್ಲಿ ಒಂದು, ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಎಂದರೇನು ಅಂತ. ತಪ್ಪು ಉತ್ತರ ಒತ್ತಿದರೆ ಕೆಂಪಾಗುತ್ತಿತ್ತು, ಸರಿಯಾದದ್ದು ಸಿಗುವವರೆಗೆ ಒತ್ತುತ್ತಾ ಹೋಗಬಹುದಿತ್ತು. ಹೀಗಾಗಿ 6 ಜನಕ್ಕೂ ನೂರಕ್ಕೆ ನೂರು.

ಸರ್ಟಿಫಿಕೇಟ್ ಮಾತ್ರ ಚೆನ್ನಾಗಿತ್ತು. ಬಂಗಾರದ ಬಣ್ಣದ ಮುದ್ರೆ, ಐಎಸ್ಓ 9001, ಎಂಎಸ್‌ಎಂಇ, 'ಇಂಗ್ಲೆಂಡಿನ ಸಿಪಿಡಿ ಮಾನ್ಯತೆ', ಮೂಲೆಯಲ್ಲಿ ಕ್ಯೂಆರ್ ಕೋಡ್. 'ಜೀವನಪೂರ್ತಿ ಮಾನ್ಯ' ಎಂದೂ ಬರೆದಿತ್ತು. ನಾವು ಅದನ್ನು ಲ್ಯಾಮಿನೇಟ್ ಮಾಡಿಸಿ ಸ್ಟಾಫ್ ರೂಮಿನ ಗೋಡೆಗೆ ಹಾಕಿದೆವು. ಜೂನಿನ ಪಿಟಿಎ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಮಕ್ಕಳಿಗೆ ಫೋನಿನಲ್ಲಿ ಏನೇ ತೊಂದರೆಯಾದರೂ ನಮ್ಮ ಹತ್ತಿರ ಬನ್ನಿ ಎಂದು ನಾನೇ ಮೈಕ್ ಹಿಡಿದು ಹೇಳಿದೆ.

ಡಿಸೆಂಬರಿನಲ್ಲಿ ಒಬ್ಬ ತಾಯಿ ಬಂದರು.

ಮಗು ಹುಡುಗನೋ ಹುಡುಗಿಯೋ, ಎಷ್ಟನೇ ಕ್ಲಾಸು ಎಂದು ನಾನು ಬರೆಯುವುದಿಲ್ಲ. ಇಂಥ ಮಗುವಿನ ಗುರುತು ಸಿಗುವ ಯಾವುದನ್ನೂ ಎಲ್ಲೂ ಪ್ರಕಟಿಸಬಾರದು ಎಂದು ಪೋಕ್ಸೋ ಕಾನೂನಿನ 23ನೇ ಸೆಕ್ಷನ್ ಹೇಳುತ್ತದೆ. ಇಷ್ಟು ಬರೆಯುವುದಕ್ಕೂ ಆ ತಾಯಿಯನ್ನು ಕೇಳಿದ್ದೇನೆ.

ಸಂಜೆ ಐದೂವರೆ. ನಮ್ಮ ಮನೆಯ ಜಗಲಿಯಲ್ಲಿ ನಿಂತಿದ್ದರು. ಫೋನನ್ನು ಸೆರಗಿನಲ್ಲಿ ಸುತ್ತಿ, ಒಲೆಯಿಂದ ಇಳಿಸಿದ ಪಾತ್ರೆ ಹಿಡಿದ ಹಾಗೆ ಹಿಡಿದಿದ್ದರು. "ಟೀಚರೇ, ಇದು ಎಂತ ಅಂತ ನೋಡಿ" ಅಂದರು. ಮಗು ಗೇಟಿನ ಹತ್ತಿರವೇ ನಿಂತಿತ್ತು, ಒಳಗೆ ಬರಲಿಲ್ಲ. ಆಟದ ಆಪ್ ಒಂದರಲ್ಲಿ ಯಾರೋ ಪರಿಚಯವಾಗಿ, ತನ್ನದೇ ವಯಸ್ಸಿನವರು ಅಂತ ನಂಬಿಸಿ, ಯಾರಿಗೂ ತೋರಿಸಬಾರದಂಥ ಒಂದು ಫೋಟೋ ತರಿಸಿಕೊಂಡಿದ್ದರು. ಈಗ ಐದು ಸಾವಿರ ಕಳಿಸು, ಇಲ್ಲದಿದ್ದರೆ ಎಲ್ಲರಿಗೂ ಕಳಿಸುತ್ತೇವೆ ಎಂಬ ಬೆದರಿಕೆ. ನಾನು ನೋಡುತ್ತಿರುವಾಗಲೇ ಇನ್ನೊಂದು ಮೆಸೇಜ್ ಬಂತು. 'ಇನ್ನು 40 ನಿಮಿಷ.'

ನನಗೆ ತಕ್ಷಣ ನೆನಪಾದದ್ದು ಆ ತರಬೇತಿಯ ಎರಡನೇ ದಿನದ ಒಂದು ಸಾಲು: 'ಡಿಲೀಟ್ ಮಾಡಿ, ಬ್ಲಾಕ್ ಮಾಡಿ, ಮರೆತುಬಿಡಿ.' ಅದನ್ನು ಮೂರು ಸಲ ಹೇಳಿಸಿದ್ದರು. ನಾನು ಹಾಗೇ ಮಾಡಿದೆ. ಚಾಟ್ ಅಳಿಸಿದೆ, ಆಪ್ ತೆಗೆದೆ. ತಾಯಿಗೆ ಸಮಾಧಾನ ಆಗಲಿ ಅಂತ ಅವರ ಕಣ್ಣೆದುರೇ ಮಾಡಿದೆ. ಆ ವ್ಯಕ್ತಿಯ ಐಡಿ, ಅವನು ಬರೆದ ಮಾತು, ದುಡ್ಡು ಹಾಕಲು ಕೊಟ್ಟ ಯುಪಿಐ ನಂಬರ್, ಎಲ್ಲ ನನ್ನ ಕೈಯಿಂದಲೇ ಅಳಿಸಿಹೋಯಿತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ತರಬೇತಿಯವರ 'ಎಕ್ಸ್‌ಪರ್ಟ್ ಹೆಲ್ಪ್‌ಲೈನ್'ಗೆ ಫೋನ್ ಮಾಡಿದೆ. ಒಬ್ಬರು ಬಹಳ ನಯವಾಗಿ ಮಾತಾಡಿದರು. "ಮೇಡಂ, ಮೊದಲು ಶಾಲೆಯ ಒಳಗೇ ಮುಗಿಸಿ. ಪೊಲೀಸು ಅಂತ ಹೋದರೆ ಮಗುವಿನ ಹೆಸರು ಹಾಳು, ಶಾಲೆಯ ಹೆಸರೂ ಹಾಳು. ಆ ಫೋಟೋ ಮಗುವಿನ ಮನೆಯವರ ಹತ್ತಿರ ಇನ್ನೂ ಇದ್ದರೆ ನಮಗೆ ಕಳಿಸಿ, ನಮ್ಮ ಟೀಮ್ ಎಲ್ಲ ಕಡೆಯಿಂದ ತೆಗೆಸುತ್ತದೆ. 4,500 ಆಗುತ್ತದೆ."

ಫೋಟೋ ಕಳಿಸಿ ಅಂದಾಗ ನನ್ನ ಕೈ ತಡೆಯಿತು. ಕಾನೂನು ಗೊತ್ತಿದ್ದು ಅಲ್ಲ. ಒಂದು ಮಗುವಿನ ಅಂಥ ಫೋಟೋವನ್ನು ಮುಖ ನೋಡದ ಗಂಡಸೊಬ್ಬನಿಗೆ ಯಾಕೆ ಕಳಿಸಬೇಕು ಅನ್ನಿಸಿತು, ಅಷ್ಟೇ. ಫೋನ್ ಇಟ್ಟುಬಿಟ್ಟೆ.

ಮರುದಿನ ಬೆಳಗ್ಗೆ ಪಕ್ಕದ ಶಾಲೆಯ ಕೌನ್ಸಿಲರ್ ಹತ್ತಿರ ಹೋದೆ. ಸಣ್ಣ ಪ್ರಾಯದ ಹುಡುಗಿ, ಮಲಯಾಳಿ, ಕನ್ನಡ ಹರಿದು ಹರಿದು ಬರುತ್ತದೆ. ನಮ್ಮ 3 ದಿನದಲ್ಲಿ ಸಿಗದ್ದು ಅವರ ಅರ್ಧ ಗಂಟೆಯಲ್ಲಿ ಸಿಕ್ಕಿತು. ಅವರು ಮೊದಲು ಕೇಳಿದ್ದು ಫೋನಿನ ಬಗ್ಗೆ ಅಲ್ಲ. "ಮಗು ರಾತ್ರಿ ಊಟ ಮಾಡಿತಾ? ಯಾರಾದರೂ ಬೈದರಾ? ಒಬ್ಬರೇ ಮಲಗಿದ್ದಾ?" ಎಂದು ಕೇಳಿದರು. ಹೆದರಿದ ಮಗು ತನಗೇ ಏನಾದರೂ ಮಾಡಿಕೊಳ್ಳಬಹುದು, ಮೊದಲ ಕೆಲವು ದಿನ ಒಂಟಿಯಾಗಿ ಬಿಡಬಾರದು, 'ಇದು ನಿನ್ನ ತಪ್ಪಲ್ಲ' ಎಂದು ಮನೆಯವರೇ ಬಾಯಿಬಿಟ್ಟು ಹೇಳಬೇಕು ಅಂದರು. ಜಗಲಿಯಲ್ಲಿ ನಾನು ಫೋನನ್ನೇ ನೋಡುತ್ತಿದ್ದೆ. ಗೇಟಿನ ಹತ್ತಿರ ನಿಂತ ಮಗುವಿನ ಹತ್ತಿರ ಹೋಗಿ ಒಂದು ಮಾತು ಆಡಿರಲಿಲ್ಲ.

ಮತ್ತೆ ಅವರು ಹೇಳಿದ್ದನ್ನು ನಾನು ಮನೆಗೆ ಬಂದು ಕಾನೂನಿನ ಪುಸ್ತಕದಲ್ಲೂ ಓದಿ ನೋಡಿದೆ. 18 ವರ್ಷದೊಳಗಿನ ಮಗುವನ್ನು ಅಂಥ ಫೋಟೋ ಇಟ್ಟುಕೊಂಡು ಬೆದರಿಸುವುದು, ಆ ಫೋಟೋ ನಿಜದ್ದಾಗಲಿ, ಸುಳ್ಳಾಗಿ ತಯಾರಿಸಿದ್ದಾಗಲಿ, ಪೋಕ್ಸೋ 2012ರ ಅಡಿಯಲ್ಲಿ ಅಪರಾಧ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಆಗಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರಿಗೆ ಸಂಬಂಧಿಸಿದ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅಂದರೆ 'ಶಾಲೆಯ ಒಳಗೇ ಮುಗಿಸಿ' ಎಂದು 2,999 ರೂಪಾಯಿ ತೆಗೆದುಕೊಂಡು ನಮಗೆ ಕಲಿಸಿದ್ದು ಅಪರಾಧ ಮಾಡಲು. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕಲು ಆಗುವುದಿಲ್ಲ ಎಂಬುದೂ ಅದೇ 19ನೇ ಸೆಕ್ಷನ್‌ನಲ್ಲಿ ಇದೆ. ಹೆದರುವ ಟೀಚರ್‌ಗಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ಆ ಫೋಟೋ. ನಾನು ಅದನ್ನು 'ಎಕ್ಸ್‌ಪರ್ಟ್'ಗೆ ಕಳಿಸಿದ್ದರೆ ನಾನೂ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಐಟಿ ಕಾಯ್ದೆಯ 67ಬಿ ಪ್ರಕಾರ ಮಕ್ಕಳ ಅಂಥ ಚಿತ್ರವನ್ನು ಕಳಿಸುವುದು ಮಾತ್ರ ಅಲ್ಲ, ಹುಡುಕಿ ನೋಡುವುದು, ಡೌನ್‌ಲೋಡ್ ಮಾಡುವುದೂ ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವಿಷಯದಲ್ಲಿ ಗಟ್ಟಿಯಾಗಿ ಹೇಳಿದೆ. ಸಹಾಯ ಮಾಡುತ್ತೇವೆ ಎಂದು ಯಾರೇ ಮಗುವಿನ ಫೋಟೋ ಕೇಳಿದರೂ ಕೊಡಬೇಡಿ. ಹೆಡ್‌ಮಾಸ್ಟರ್ ಕೇಳಿದರೂ ಬೇಡ, ಪಿಟಿಎ ಅಧ್ಯಕ್ಷರು ಕೇಳಿದರೂ ಬೇಡ. ಬೆದರಿಕೆಯ ಮಾತು, ಐಡಿ, ದುಡ್ಡಿನ ನಂಬರ್, ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋಟೋವನ್ನು ಯಾರೂ ಕಾಪಿ ಮಾಡಬೇಡಿ. ಮಗುವಿನ ಫೋನಿನಲ್ಲಿ ಏನಿದೆಯೋ ಹಾಗೇ ಇರಲಿ, ಪೊಲೀಸರ ಕೈಗೆ ಹೋಗಲಿ.

ಇಂಟರ್‌ನೆಟ್‌ನಿಂದ ತೆಗೆಸಲು ದುಡ್ಡೂ ಬೇಡ, ಫೋಟೋ ಕಳಿಸುವುದೂ ಬೇಡ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಎಂಬ ಸಂಸ್ಥೆ 'ಟೇಕ್ ಇಟ್ ಡೌನ್' ಎಂಬ ಉಚಿತ ವ್ಯವಸ್ಥೆ ನಡೆಸುತ್ತದೆ. ಅದರಲ್ಲಿ ಫೋಟೋ ನಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಬೆರಳಚ್ಚಿನ ಹಾಗೆ ಅದರದ್ದೊಂದು ಗುರುತು ಮಾತ್ರ ಹೋಗುತ್ತದೆ. ಅದಕ್ಕೆ ಸೇರಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರ ಕಂಡರೆ ತೆಗೆಯುತ್ತವೆ.

ನಮ್ಮ ಪುಣ್ಯಕ್ಕೆ ಒಂದು ದಾರಿ ಉಳಿದಿತ್ತು. ಮಗುವಿನ ಅಪ್ಪ ಗಲ್ಫಿನಲ್ಲಿದ್ದಾರೆ. ನನ್ನ ಹತ್ತಿರ ಬರುವ ಮೊದಲು ತಾಯಿ ಬೆದರಿಕೆಯ ಎರಡು ಮೆಸೇಜಿನ ಸ್ಕ್ರೀನ್‌ಶಾಟ್ ಅವರಿಗೆ ಕಳಿಸಿದ್ದರು. ಅದರಲ್ಲಿ ಐಡಿಯೂ ಯುಪಿಐ ನಂಬರೂ ಇತ್ತು. ಕೌನ್ಸಿಲರ್ ಜೊತೆಯಲ್ಲೇ ಸೈಬರ್ ಪೊಲೀಸರಿಗೆ ದೂರು ಹೋಯಿತು. ಮಗುವಿನ ಮಾತು ಕೇಳಲು ಮಹಿಳಾ ಅಧಿಕಾರಿ ಮನೆಗೇ ಬಂದರು, ಯೂನಿಫಾರ್ಮ್ ಹಾಕಿರಲಿಲ್ಲ. ಅದು ಅವರ ಒಳ್ಳೆಯತನ ಅಂದುಕೊಂಡಿದ್ದೆ. ಹಾಗೇ ಬರಬೇಕು ಎಂದು ಕಾನೂನಿನಲ್ಲೇ ಇದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಅನುವಾದ ಮಾಡುವವರನ್ನು ಕರೆತಂದಿದ್ದರು. ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ಅನುವಾದಕರನ್ನು ಕೊಡಬೇಕು ಎಂಬುದು ಪೋಕ್ಸೋದಲ್ಲಿ ಮಗುವಿನ ಹಕ್ಕು. ಕಾಸರಗೋಡಿನ ನಾವು ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಭಾಷೆ ಬರುವುದಿಲ್ಲ ಅಂತ ಠಾಣೆಯ ಮೆಟ್ಟಿಲು ಹತ್ತದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ತನಿಖೆ ನಡೆಯುತ್ತಿದೆ, ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮಗು ಶಾಲೆಗೆ ಬರುತ್ತಿದೆ.

ಇಷ್ಟಾದ ಮೇಲೆ ಆ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ ಒಂದೊಂದೇ ಅಕ್ಷರ ಓದಿದೆ. ಎಂಎಸ್‌ಎಂಇ ಅಂದರೆ ಒಂದು ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸಿಕೊಂಡದ್ದು ಅಷ್ಟೇ, ಹಿಟ್ಟಿನ ಗಿರಣಿಯವರೂ ಮಾಡಿಸಬಹುದು. ಐಎಸ್ಓ 9001 ಒಂದು ಸಂಸ್ಥೆ ತನ್ನ ಕೆಲಸವನ್ನು ನಡೆಸುವ ಕ್ರಮಕ್ಕೆ ಸಂಬಂಧಿಸಿದ್ದು, ಪಾಠ ಸರಿ ಇದೆ ಎಂದು ಅದು ಹೇಳುವುದಿಲ್ಲ. ಸಿಪಿಡಿ ಎಂದರೆ ಕೆಲಸದಲ್ಲಿರುವವರು ಕಲಿಯುತ್ತಾ ಇರುವುದು. ಇಂಗ್ಲೆಂಡಿನಲ್ಲಿ ಆ ಮುದ್ರೆ ಕೊಡುವ ಖಾಸಗಿ ಕಂಪನಿಗಳು ಹಲವು ಇವೆ, ಅದು ಸರ್ಕಾರದ ಮಾನ್ಯತೆ ಅಲ್ಲ. ಅಲ್ಲಿ ನಿಜವಾದ ಅರ್ಹತಾ ಪರೀಕ್ಷೆಗಳನ್ನು ಆಫ್‌ಕ್ವಾಲ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ, ಅದರ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅಲ್ಲಿನ ಪ್ರತಿ ಶಾಲೆಯಲ್ಲೂ ಮಕ್ಕಳ ಸುರಕ್ಷತೆಗೆ ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು, ಅವರ ತರಬೇತಿ 2 ವರ್ಷಕ್ಕೊಮ್ಮೆ ಹೊಸದಾಗಬೇಕು. ನಮ್ಮದು 'ಜೀವನಪೂರ್ತಿ ಮಾನ್ಯ'! ಇನ್ನು ಆ ಕ್ಯೂಆರ್ ಕೋಡ್ ತೆರೆದದ್ದು ಅವರದ್ದೇ ಪುಟವನ್ನು. ಅವರ ಸರ್ಟಿಫಿಕೇಟಿಗೆ ಅವರೇ ಸಾಕ್ಷಿ.

ದಯವಿಟ್ಟು ಯಾರಾದರೂ ಇಂಥ ತರಬೇತಿ ಅಂತ ಬಂದರೆ ದುಡ್ಡಿನ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳಿ: "ಒಂದು ಮಗು ಈಗ ನನ್ನೆದುರು ಅಳುತ್ತಾ ನಿಂತಿದೆ, ಫೋನಿನಲ್ಲಿ ಬೆದರಿಕೆ ಇದೆ. ಮೊದಲ ಒಂದು ಗಂಟೆ ನಾನು ಏನು ಮಾಡಲಿ?" ಮಗುವಿನಿಂದ ಶುರುಮಾಡಿ, ಸಾಕ್ಷಿ ಉಳಿಸುವುದನ್ನು ಹೇಳಿ, ಮಕ್ಕಳ ಸಹಾಯವಾಣಿ 1098 ಮತ್ತು ಪೊಲೀಸರವರೆಗೆ ಅವರು ಬಂದರೆ ಮುಂದಿನ ಮಾತು. ಕಲಿಸುವವರು ಯಾರು, ಮಕ್ಕಳ ಜೊತೆ ಎಲ್ಲಿ ಕೆಲಸ ಮಾಡಿದ್ದಾರೆ, ಅವರದ್ದೇ ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಅಂತಲೂ ಕೇಳಿ. ಕೇಳಲು ಸಂಕೋಚ ಬೇಡ.

ಮತ್ತೆ, ಹತ್ತಿರದಲ್ಲೇ ಇರುವುದನ್ನು ನಾವು ನೋಡಿಯೇ ಇರಲಿಲ್ಲ. ಕೇರಳದ ಹೈಸ್ಕೂಲುಗಳಲ್ಲಿ, ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್‌ನ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಕಂಪ್ಯೂಟರ್ ಕ್ಲಬ್ 2018ರಿಂದ ಇದೆ. ಆ ಮಕ್ಕಳೇ 2022ರಲ್ಲಿ ಅಮ್ಮಂದಿರಿಗೆ ಸೈಬರ್ ಸುರಕ್ಷತೆಯ ಪಾಠ ಮಾಡಿದ್ದರು. ಕೆಲವು ಶಾಲೆಗಳಲ್ಲಿ ಕೌನ್ಸಿಲರ್‌ಗಳಿದ್ದಾರೆ, ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕ ಇದೆ. ಇವರನ್ನು ಪಿಟಿಎ ಸಭೆಗೆ ಕರೆದರೆ ಸರ್ಟಿಫಿಕೇಟ್ ಸಿಗಲಿಕ್ಕಿಲ್ಲ, ವಿಷಯ ಸಿಗುತ್ತದೆ. ಕನ್ನಡದಲ್ಲಿ ಬೇಕು ಎಂದು ಅರ್ಜಿ ಕೊಡಿ. ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಿಂದಲೇ ಬಂದದ್ದು. ನಮ್ಮ ಶಾಲೆಯಿಂದ ನಾವು ಕೊಟ್ಟಿದ್ದೇವೆ, ಕನ್ನಡದಲ್ಲೇ.

ದುಡ್ಡು ಹೋದದ್ದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅದು ವಾಪಸ್ ಬಂದರೂ ಬಾರದಿದ್ದರೂ ಸರಿ. ಮೊನ್ನೆ ಉಪ್ಪಳದ ಟೀಚರ್ ಒಬ್ಬರು ನನಗೊಂದು ಪೋಸ್ಟರ್ ಕಳಿಸಿ, "ಇದಕ್ಕೆ ಸೇರಬಹುದಾ ಅಕ್ಕ?" ಎಂದು ಕೇಳಿದರು. ಹೆಸರು ಬೇರೆ, ಬಣ್ಣ ಬೇರೆ. ಈ ಸಲ 3,499 ರೂಪಾಯಿ. ಕೆಳಗೆ ಅದೇ ದೊಡ್ಡ ಅಕ್ಷರ, 'ಪೂರ್ತಿ ಕನ್ನಡದಲ್ಲಿ'.