ಹುಳಿಯಾದ ಸ್ಟೌಟ್‌ಗೆ ರಿಯಾಯಿತಿ ಕೂಪನ್: ಬಿಯರ್‌ಗಿಂತ ಪರಿಹಾರವೇ ಕೆಟ್ಟಿತ್ತು

ಬಿಯರ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ, ಅದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಹಳೆಯ ವಿಸ್ಕಿ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿಸಿದ ಇಂಪೀರಿಯಲ್ ಸ್ಟೌಟ್ ಇದು, ಅಂದರೆ ಹುರಿದ ಧಾನ್ಯದಿಂದ ಮಾಡಿದ ಕಪ್ಪು, ಗಟ್ಟಿ ಬಿಯರ್. ಒಂದು ಸಣ್ಣ ಬ್ರೂವರಿಯದು, ವರ್ಷಕ್ಕೊಂದೇ ಸಲ ಬರುತ್ತದೆ. ಬಿಡುಗಡೆಯಾದ ಹೊಸತರಲ್ಲಿ ಕುಡಿದ ಬಾಟಲಿ ಸೊಗಸಾಗಿತ್ತು. ಕಪ್ಪು ಚಾಕೊಲೇಟ್, ಸುಟ್ಟ ಸಕ್ಕರೆ, ಕೊನೆಯಲ್ಲಿ ಸ್ವಲ್ಪ ಮರದ ವಾಸನೆ. ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ತಣ್ಣಗಿನ, ಕತ್ತಲ ಜಾಗದಲ್ಲಿ ಕೆಲವು ತಿಂಗಳು ಇಟ್ಟು ತೆಗೆದರೆ ಹುಳಿ. ಹುಳಿ ಬಿಯರ್ ನನಗೆ ಇಷ್ಟವೇ, ಆದರೆ ಅದನ್ನು ಹುಳಿ ಬಿಯರ್ ಎಂದೇ ಮಾರಬೇಕು. ಇದರಲ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ದಪ್ಪ ರುಚಿ ಪೂರ್ತಿ ತೆಳ್ಳಗಾಗಿ, ಮೇಲೆ ವಿನೆಗರ್ ಹನಿಸಿದ ಹಾಗಿತ್ತು. ಎರಡು ಗುಟುಕು ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿದೆ.

ಈ ರಿವ್ಯೂ ಅದರ ನಂತರ ನಡೆದದ್ದರ ಬಗ್ಗೆ. ಬ್ರೂವರಿಯ ಹೆಸರು ಬರೆಯುವುದಿಲ್ಲ. ಇವರು ಮಾಡಿದ್ದನ್ನೇ ಇನ್ನೂ ಎಷ್ಟೋ ಬ್ರೂವರಿಗಳು ಮಾಡುತ್ತವೆ, ಹೆಸರು ಹಾಕಿದರೆ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ.

ಮೊದಲು ಮೇಲ್ ಬರೆದೆ. ಬ್ಯಾಚ್ ನಂಬರ್, ಪ್ಯಾಕ್ ಮಾಡಿದ ದಿನಾಂಕ, ಫೋಟೋ ಎಲ್ಲ ಹಾಕಿದ್ದೆ. ಬಂದ ಉತ್ತರ: ಪೀಪಾಯಿಯಲ್ಲಿ ಮಾಗಿಸಿದ ಬಿಯರ್‌ನ ರುಚಿ ಕಾಲ ಕಳೆದ ಹಾಗೆ ಬದಲಾಗುತ್ತದೆ, ಅದೇ ಅದರ ಸೊಬಗು. ಅಂದರೆ ನನಗೆ ರುಚಿ ಗೊತ್ತಿಲ್ಲ ಅಂತ ನಯವಾಗಿ ಹೇಳಿದರು. ಆಮೇಲೆ ಬೇರೆಯವರೂ ಅದೇ ಬ್ಯಾಚಿನ ಬಗ್ಗೆ ದೂರು ಹಾಕಲು ಶುರು ಮಾಡಿದರು. ಗಲಾಟೆ ಜೋರಾದ ಮೇಲೆ ಒಂದು ಪ್ರಕಟಣೆ ಬಂತು. 'ಕೆಲವು ಬಾಟಲಿಗಳಲ್ಲಿ ನಮ್ಮ ಮಟ್ಟಕ್ಕೆ ಹೊಂದದ ಹುಳಿ ಕಾಣಿಸಿಕೊಂಡಿರಬಹುದು.' ಕಾಣಿಸಿಕೊಂಡಿರಬಹುದಂತೆ! ಪರಿಹಾರ ಏನಪ್ಪಾ ಅಂದರೆ ರಿಯಾಯಿತಿ ಕೂಪನ್. ಅದು ಅವರ ಬ್ರೂವರಿಗೆ ಸೇರಿದ ಬಾರ್, ಅಂದರೆ ಟ್ಯಾಪ್‌ರೂಮಿನಲ್ಲಿ ಮಾತ್ರ ನಡೆಯುತ್ತದೆ, ಮುಂದಿನ ಖರೀದಿಗೆ ಮಾತ್ರ, ಅದಕ್ಕೊಂದು ಕೊನೆಯ ದಿನ ಬೇರೆ. ಜೊತೆಗೆ ಬಿಲ್ ತರಬೇಕು, ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಯರ್ ಉಳಿದಿರಬೇಕು.

ಈ ಕೂಪನ್ ಬಳಸಬೇಕಾದರೆ ನಾನು ಇನ್ನೊಮ್ಮೆ ದುಡ್ಡು ಖರ್ಚು ಮಾಡಬೇಕು. ಕೆಟ್ಟ ಮಾಲು ಕೊಟ್ಟವರು ಅದನ್ನೇ ನೆಪ ಮಾಡಿಕೊಂಡು ಮತ್ತೊಂದು ವ್ಯಾಪಾರ ಕುದುರಿಸಿಕೊಂಡ ಹಾಗಾಯಿತು. ಟ್ಯಾಪ್‌ರೂಮಿನಿಂದ ದೂರ ಇರುವವರಿಗೆ, ಅಂಗಡಿಯಲ್ಲಿ ಕೊಂಡವರಿಗೆ ಅದು ಬರೀ ಕಾಗದ. ನನ್ನ ಮಟ್ಟಿಗೆ ಪರಿಹಾರ ಅಂದರೆ ಕೊಟ್ಟ ದುಡ್ಡು ವಾಪಸ್, ಅದೂ ಕೇಳುವ ಮೊದಲೇ. ಬದಲಿ ಬಾಟಲಿ, ಕೂಪನ್, ಟೀ ಶರ್ಟು ಇವೆಲ್ಲ ಆಮೇಲಿನ ಮಾತು, ಅದೂ ಗಿರಾಕಿ ಇಷ್ಟಪಟ್ಟರೆ.

ಇದು ಆಗದ ಮಾತೇನಲ್ಲ. ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯ ಬೋರ್ಬನ್ ಕೌಂಟಿ ಎಂಬ ಪೀಪಾಯಿ ಬಿಯರ್‌ಗಳ ಕಥೆ ಬಿಯರ್ ಮಂದಿಗೆ ಗೊತ್ತಿರುತ್ತದೆ. 2015ರ ಕೊನೆಯಲ್ಲಿ ಬಿಡುಗಡೆಯಾದವುಗಳಲ್ಲಿ ಕೆಲವು ಹುಳಿಯಾದವು. ಕಾರಣ ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲರನ್ಸ್ ಎಂಬ ಬ್ಯಾಕ್ಟೀರಿಯಾ. 2016ರ ಜನವರಿಯಲ್ಲಿ ಅವರು ಬಾರ್ಲಿವೈನ್ (ವೈನಿನಷ್ಟು ಗಟ್ಟಿಯಾದ ಬಿಯರ್) ಮತ್ತು ಕಾಫಿ ಸ್ಟೌಟ್‌ಗೆ ರಿಫಂಡ್ ಘೋಷಿಸಿದರು, ಆಮೇಲೆ ಮೂಲ ಸ್ಟೌಟಿನ ಕೆಲವು ಬ್ಯಾಚ್‌ಗಳಿಗೂ ಅದನ್ನು ವಿಸ್ತರಿಸಿದರು. ಬ್ಯಾಕ್ಟೀರಿಯಾದ ಹೆಸರನ್ನೂ ಮುಚ್ಚಿಡಲಿಲ್ಲ. 2016ರ ಬಿಯರನ್ನು ಬಾಟಲಿಗೆ ತುಂಬುವ ಮೊದಲು ಪಾಶ್ಚರೀಕರಿಸಿದರು. ಪೀಪಾಯಿ ಬಿಯರನ್ನು ಕಾಯಿಸಿದರೆ ಅದರ ಜೀವ ಹೋಗುತ್ತದೆ ಅಂತ ಗೊಣಗಿದವರೂ ಇದ್ದರು, ಇರಲಿ. ಏನು ಕೆಟ್ಟಿತು, ಯಾವ ಬ್ಯಾಚು, ದುಡ್ಡು ಹೇಗೆ ವಾಪಸ್, ಮುಂದೆ ಏನು ಬದಲಿಸುತ್ತೇವೆ, ಈ ನಾಲ್ಕಕ್ಕೂ ಉತ್ತರ ಸಿಕ್ಕಿತ್ತು. ನನಗೆ ಕೂಪನ್ ಕೊಟ್ಟವರಿಂದ ಒಂದಕ್ಕೂ ಸರಿಯಾಗಿ ಸಿಗಲಿಲ್ಲ.

'ಅವರ ಹಿಂದೆ ದೊಡ್ಡ ಕಂಪನಿ ಇದೆ, ನಾವು ಸಣ್ಣವರು' ಅಂತ ಹೇಳಬಹುದು. ನಿಜ, ಗೂಸ್ ಐಲ್ಯಾಂಡನ್ನು ಆನ್‌ಹೈಸರ್-ಬುಷ್ 2011ರಲ್ಲೇ ಕೊಂಡಿತ್ತು. ಸಣ್ಣ ಬ್ರೂವರಿಗೆ ಒಂದು ಇಡೀ ಬ್ಯಾಚ್ ಹೋಯಿತು ಅಂದರೆ ಸಂಬಳಕ್ಕೇ ಕತ್ತರಿ ಬೀಳಬಹುದು, ಅದು ಅರ್ಥವಾಗುತ್ತದೆ. ಆದರೆ ಎಲ್ಲರೂ ಒಂದೇ ದಿನ ಬಂದು ದುಡ್ಡು ಕೇಳುವುದಿಲ್ಲ. ಎಷ್ಟೋ ಜನ ಆಗಲೇ ಕುಡಿದಿರುತ್ತಾರೆ, ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಇನ್ನು ಕೆಲವರು 'ಪಾಪ ಬಿಡಿ' ಅಂತ ಸುಮ್ಮನಾಗುತ್ತಾರೆ. ಕೈ ಕಟ್ಟಿದ್ದರೆ ಹಾಗೇ ಹೇಳಲಿ, ಕಂತಿನಲ್ಲಿ ಕೊಡಲಿ, ಸ್ವಲ್ಪ ತಡ ಮಾಡಿ ಕೊಡಲಿ, ಕಾಯೋಣ. ಬೇಕಾದವರಿಗೆ ಮುಂದಿನ ವರ್ಷದ ಬಾಟಲಿ ಪುಕ್ಕಟೆ ಎಂದರೂ ನಾನು ಒಪ್ಪುತ್ತಿದ್ದೆ. ಇವರು ಕೈ ಕಟ್ಟಿದೆ ಅಂತ ಹೇಳಲೇ ಇಲ್ಲ, ಉಡುಗೊರೆ ಕೊಡುವ ದನಿಯಲ್ಲಿ ಮಾತಾಡಿದರು. ಸಿಟ್ಟು ಬಂದದ್ದು ಅದಕ್ಕೇ.

ಎಷ್ಟು ದುಡ್ಡು ಅನ್ನುವುದರಲ್ಲೂ ಒಂದು ತೊಡಕಿದೆ. ಬ್ರೂವರಿ ಡಿಸ್ಟ್ರಿಬ್ಯೂಟರಿಗೆ ಮಾರಿದ ದರ ಬೇರೆ, ನಾನು ಅಂಗಡಿಯಲ್ಲಿ ಕೊಟ್ಟ ದರ ಬೇರೆ. ಗಿರಾಕಿಗೆ ಅಂಗಡಿಯ ದರವೇ ಸಿಗಬೇಕು, ನಡುವಿನ ಲಾಭದ ಲೆಕ್ಕವನ್ನು ಅವರವರೇ ಬಗೆಹರಿಸಿಕೊಳ್ಳಲಿ. ಆನ್‌ಲೈನಿನಲ್ಲಿ ತರಿಸಿಕೊಂಡವರಿಗೆ ಸಾಗಣೆ ಖರ್ಚೂ ಸೇರಬೇಕು. ಹತ್ತು ಪಟ್ಟು ದುಡ್ಡಿಗೆ ಬೇರೆಯವರ ಕೈಯಿಂದ ಬಾಟಲಿ ಕೊಂಡು, ಈಗ ಆ ಹತ್ತು ಪಟ್ಟೂ ವಾಪಸ್ ಬೇಕು ಎನ್ನುವ ಸಂಗ್ರಹಕಾರರಿದ್ದಾರಲ್ಲ, ಅವರಿಗೆ ಮಾತ್ರ ಲೇಬಲ್ ಮೇಲಿನ ದರಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಬೇಕಾಗಿಲ್ಲ. ಅವರು ಆಡಿದ್ದು ಜೂಜು.

ಕುಡಿದು ಖಾಲಿ ಮಾಡಿದವರಿಗೂ ಕೊಡಬೇಕಾ? ಈ ಬಗ್ಗೆ ಗೆಳೆಯರ ಜೊತೆ ಬಿಸಿಬಿಸಿ ವಾದವೇ ಆಯಿತು. ನನ್ನ ಪ್ರಕಾರ ಕೊಡಬೇಕು. ಬ್ರೂವರಿ ತಡವಾಗಿ ಬಾಯಿಬಿಟ್ಟಿದೆ, ಅಷ್ಟರಲ್ಲಿ 'ಇದು ಹೀಗೇ ಇರಬೇಕೇನೋ' ಎಂದುಕೊಂಡು ಮುಖ ಹಿಂಡಿಕೊಂಡು ಕುಡಿದವರ ತಪ್ಪೇನಿದೆ? ಖಾಲಿ ಬಾಟಲಿಯ ಫೋಟೋ, ಅದರ ಮೇಲಿನ ಬ್ಯಾಚ್ ಕೋಡ್, ಅಷ್ಟು ಸಾಕು. ಮೋಸ ಮಾಡುವವರು ಇದ್ದೇ ಇರುತ್ತಾರೆ, ಒಬ್ಬರಿಗೆ ಇಷ್ಟೇ ಬಾಟಲಿ ಅಂತ ಮಿತಿ ಹಾಕಿದರೆ ಮುಗಿಯಿತು. ಬಿಲ್ ಕೇಳುವುದಂತೂ ತಮಾಷೆ. ತಿಂಗಳುಗಟ್ಟಲೆ ಇಟ್ಟು ಕುಡಿಯಿರಿ ಅಂತ ಲೇಬಲ್ ಮೇಲೆ ತಾವೇ ಬರೆದು, ಆಮೇಲೆ ಬಿಲ್ ತೋರಿಸಿ ಅಂದರೆ ಯಾರು ಇಟ್ಟುಕೊಂಡಿರುತ್ತಾರೆ?

ಅರ್ಧ ಬಾಟಲಿ ವಾಪಸ್ ತನ್ನಿ ಅನ್ನುವುದು ಅದಕ್ಕಿಂತ ಮೋಸದ ಷರತ್ತು. ಅಚ್ಚುಕಟ್ಟಾದ ಬ್ರೂವರಿ ಪ್ರತಿ ಬ್ಯಾಚಿನ ಒಂದಿಷ್ಟು ಬಾಟಲಿಗಳನ್ನು ಪರೀಕ್ಷೆಗೆಂದೇ ಎತ್ತಿಟ್ಟಿರುತ್ತದೆ. ದೂರು ಬಂದಾಗ ಅದನ್ನು ತೆಗೆದು ರುಚಿ ನೋಡಬಹುದು, ಲ್ಯಾಬಿಗೆ ಕಳಿಸಬಹುದು. ನನ್ನ ಬಾಟಲಿ ಅವರಿಗೆ ಯಾಕೆ? ಎತ್ತಿಟ್ಟಿಲ್ಲ ಅಂದರೆ ಆ ಸಮಸ್ಯೆ ನನ್ನದಲ್ಲ. ಕೆಲವು ಸಲ ಬಾಟಲಿ ತರಿಸುವುದೇ ಅಪಾಯ. ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟ್ ಸೇರಿಕೊಂಡರೆ, ಸಾಮಾನ್ಯ ಯೀಸ್ಟ್ ಮುಟ್ಟದ ಸಕ್ಕರೆಯನ್ನೂ ಅದು ಬಾಟಲಿಯೊಳಗೇ ತಿನ್ನುತ್ತಾ ಹೋಗುತ್ತದೆ, ಗ್ಯಾಸ್ ಏರುತ್ತದೆ, ಬಾಟಲಿ ಸಿಡಿಯಬಹುದು. ಅಂಥದ್ದನ್ನು ಚೀಲದಲ್ಲಿ ಹಾಕಿಕೊಂಡು ಟ್ಯಾಪ್‌ರೂಮಿಗೆ ಬನ್ನಿ ಅಂತ ಕರೆಯೋದಾ? ಫ್ರಿಡ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಮುಖ ದೂರ ಇಟ್ಟುಕೊಂಡು ತೆಗೆದು ಚೆಲ್ಲಿ, ದುಡ್ಡು ನಾವು ಕಳಿಸುತ್ತೇವೆ ಎನ್ನಬೇಕು.

ಡಯಾಸ್ಟಾಟಿಕಸ್ ಅಂದಾಗ ನೆನಪಾಯಿತು, 2017ರಲ್ಲಿ ಕೊಲೊರಾಡೋದ ಲೆಫ್ಟ್ ಹ್ಯಾಂಡ್ ಬ್ರೂವರಿ ತನಗೆ ಯೀಸ್ಟ್ ಕೊಟ್ಟ ವೈಟ್ ಲ್ಯಾಬ್ಸ್ ಮೇಲೆ ಕೇಸು ಹಾಕಿತು. ಕೊಟ್ಟ ಯೀಸ್ಟಿನಲ್ಲೇ ಇದು ಬೆರೆತಿತ್ತು ಎಂಬುದು ಅವರ ಆರೋಪ. ಯಾರು ಸರಿ ಅನ್ನುವುದು ನನಗೆ ಮುಖ್ಯವಲ್ಲ. ಬ್ರೂವರಿಗೆ ತೊಂದರೆ ಯೀಸ್ಟಿನಿಂದ ಬಂದಿರಬಹುದು, ಪೀಪಾಯಿಯಿಂದ ಬಂದಿರಬಹುದು, ಅದನ್ನು ಅವರು ತಮ್ಮ ಸಪ್ಲೈಯರ್ ಹತ್ತಿರ ವಸೂಲಿ ಮಾಡಿಕೊಳ್ಳಲಿ. ಆ ವಸೂಲಿ ಮುಗಿಯುವ ತನಕ ಗಿರಾಕಿ ಕಾಯಬೇಕು ಅನ್ನುವುದು ಮಾತ್ರ ನ್ಯಾಯ ಅಲ್ಲ.

ಎಲ್ಲ ತಪ್ಪೂ ಬ್ರೂವರಿಯದೇ ಅಂತಲೂ ನಾನು ಹೇಳುವುದಿಲ್ಲ. ಬೆಳಕು ಬಿದ್ದರೆ ಹಾಪ್ಸಿನ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಿನ) ಕಹಿ ಅಂಶ ಒಡೆದು ಸ್ಕಂಕ್ ಎಂಬ ಪ್ರಾಣಿಯಂಥ ದುರ್ವಾಸನೆ ಬರುತ್ತದೆ. ಕಂದು ಬಾಟಲಿ ಅದನ್ನು ಬಹಳಷ್ಟು ತಡೆಯುತ್ತದೆ, ಹಸಿರು ಮತ್ತು ಬಿಳಿ (ಬಣ್ಣವಿಲ್ಲದ) ಗಾಜು ಅಷ್ಟಾಗಿ ತಡೆಯುವುದಿಲ್ಲ, ಕ್ಯಾನಿಗೆ ಆ ಭಯವೇ ಇಲ್ಲ. ಅಂಗಡಿಯವರು ಬಿಸಿಲಿಗೆ ಇಟ್ಟಿದ್ದರೆ ಅಂಗಡಿಯವರೇ ಬದಲಿಸಿಕೊಡಲಿ. ಚೆಂದ ಕಾಣಲಿ ಅಂತ ಬಿಳಿ ಬಾಟಲಿ ಆರಿಸಿದ ಬ್ರೂವರಿಗೂ ಅದರಲ್ಲಿ ಪಾಲಿದೆ ಅನ್ನೋದು ಬೇರೆ ವಿಷಯ. ಒದ್ದೆ ರಟ್ಟಿನ ರುಚಿ ಬಂದರೆ ಅದು ಆಮ್ಲಜನಕದ ಕೆಲಸ. ತುಂಬುವಾಗ ಗಾಳಿ ಸೇರಿತ್ತೋ, ಗೋಡೌನಿನಲ್ಲಿ ಸೆಖೆಗೆ ಕೂತಿತ್ತೋ ಒಂದು ಬಾಟಲಿಯಿಂದ ಹೇಳುವುದು ಕಷ್ಟ. ದಿನಾಂಕ ಮುಗಿದ ಐಪಿಎಗೆ (ಹಾಪ್ಸ್ ಹೆಚ್ಚು ಹಾಕಿದ ಬಿಯರ್) ಹಾಪ್ಸ್ ಪರಿಮಳ ಇಲ್ಲ ಅಂತ ದೂರುವವರಿಗೆ ಏನೂ ಕೊಡಬೇಕಾಗಿಲ್ಲ. ಆದರೆ ಬೇರೆ ಬೇರೆ ಕಡೆ ಕೊಂಡ ಒಂದೇ ಬ್ಯಾಚಿನ ಬಾಟಲಿಗಳು ಒಂದೇ ರೀತಿ ಹುಳಿಯಾಗಿವೆ ಅಂದರೆ ತಪ್ಪು ಬ್ರೂವರಿಯಲ್ಲೇ ಆಗಿದೆ. ಅದನ್ನು 'ಮಾಗುವಿಕೆ' ಅಂತ ಕರೆದರೆ ಯಾರೂ ನಂಬುವುದಿಲ್ಲ.

ಅಂಗಡಿ, ಪಬ್‌ಗಳನ್ನೂ ಮರೆಯಬಾರದು. ಗ್ಲಾಸಿನಲ್ಲಿ ಬಂದ ಬಿಯರ್ ಕೆಟ್ಟಿದ್ದರೆ ಹೆಚ್ಚಿನ ಕಡೆ ವಾದ ಮಾಡದೆ ಬೇರೆ ಸುರಿದು ಕೊಡುತ್ತಾರೆ. ಆ ಕೆಗ್ಗಿನ (ಬಿಯರ್ ಡ್ರಮ್ಮಿನ) ದುಡ್ಡು ಅವರಿಗೆ ವಾಪಸ್ ಬರಬೇಕಲ್ವಾ? ಬರದಿದ್ದರೆ ಮುಂದಿನ ಸಲ ಅವರು ಗಿರಾಕಿಯ ಜೊತೆ ವಾದಕ್ಕೆ ನಿಲ್ಲುತ್ತಾರೆ.

ಇನ್ನು ಸುರಕ್ಷತೆ. ಹುಳಿಯಾದ ಬಿಯರಿಂದ ಜೀವಕ್ಕೇನೂ ಅಪಾಯ ಇಲ್ಲ. ಮಾಮೂಲಿ ಬಿಯರಿನಲ್ಲಿ ಆಲ್ಕೋಹಾಲ್, ಹಾಪ್ಸ್, ಕಡಿಮೆ ಪಿಎಚ್ (ಅಂದರೆ ಆಮ್ಲೀಯತೆ) ಎಲ್ಲ ಸೇರಿ ರೋಗ ತರುವ ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡುವುದಿಲ್ಲ. ಅದಕ್ಕೇ ರುಚಿ ಕೆಟ್ಟಾಗ ಬ್ರೂವರಿಗಳು ನಿಧಾನ ಮಾಡುತ್ತವೆ. ಗಾಜಿನ ಚೂರಿನಂಥ ವಿಷಯ ಬಂದರೆ ಯಾರೂ ಕೂಪನ್ ಮಾತಾಡುವುದಿಲ್ಲ. 2017ರ ಜನವರಿಯಲ್ಲಿ ಸಿಯೆರಾ ನೆವಾಡಾ ಬ್ರೂವರಿ ಬಾಟಲಿಯ ಬಾಯಿಯಲ್ಲಿ ಗಾಜು ಒಡೆದು ಒಳಗೆ ಬೀಳಬಹುದು ಎಂದು ಅಮೆರಿಕದ 36 ರಾಜ್ಯಗಳಿಂದ ಬಿಯರ್ ವಾಪಸ್ ತರಿಸಿತು, ದುಡ್ಡನ್ನೂ ಹಿಂದಿರುಗಿಸಿತು. ಗಾಜಿನ ವಿಷಯದಲ್ಲಿ ಅಷ್ಟು ಚುರುಕು ಇರುವುದು ಸರಿಯೇ. ರುಚಿಯ ವಿಷಯದಲ್ಲಿ ಅದರ ಕಾಲು ಭಾಗ ಚುರುಕು ಇದ್ದರೂ ಸಾಕಿತ್ತು.

ಸದ್ದಿಲ್ಲದೆ ವಾಪಸ್ ತರಿಸಿದರೆ ಮುಗಿಯಿತು ಎನ್ನುವವರು 1976ರ ಶ್ಲಿಟ್ಜ್ ಕಥೆ ಓದಬೇಕು. ಬಿಯರಿಗೆ ಹಾಕಿದ ಎರಡು ಪದಾರ್ಥ ಒಂದಕ್ಕೊಂದು ಸೇರಿ ಬಾಟಲಿಯಲ್ಲಿ ಬಿಳಿ ಚೂರುಗಳು ತೇಲತೊಡಗಿದವು. ಮೊದಲು ಕಂಪನಿ ಏನೂ ಆಗಿಲ್ಲ ಎಂಬಂತೆ ಇತ್ತು, ಆಮೇಲೆ ಗುಟ್ಟಾಗಿ ಸುಮಾರು 1 ಕೋಟಿ ಬಾಟಲಿ ವಾಪಸ್ ತೆಗೆದುಕೊಂಡಿತು. ಅಮೆರಿಕದ ಅತಿ ದೊಡ್ಡ ಬ್ರೂವರಿಗಳಲ್ಲಿ ಒಂದಾಗಿದ್ದ ಅದು 1982ರಲ್ಲಿ ಬೇರೆಯವರ ಕೈ ಸೇರಿತು. ಅದೊಂದೇ ಕಾರಣ ಅಲ್ಲ, ಖರ್ಚು ಉಳಿಸಲು ಬಿಯರನ್ನೇ ಬದಲಿಸುತ್ತಾ ಹೋದದ್ದೂ ಇತ್ತು. ಆದರೂ ಗಿರಾಕಿಗೆ ಹೇಳದೆ ಮುಚ್ಚಿಟ್ಟದ್ದು ಅವರನ್ನು ಉಳಿಸಲಿಲ್ಲ.

ನನ್ನ ಲೆಕ್ಕಕ್ಕೆ ಬರೋಣ. ಹೊಸ ಬಾಟಲಿಗೆ ನಾಲ್ಕೂವರೆ ಸ್ಟಾರ್, ಹುಳಿಯಾದದ್ದಕ್ಕೆ ಒಂದು. ಮೇಲ್‌ಗೆ ಬೇಗ ಉತ್ತರ ಬರೆದದ್ದಕ್ಕೆ ಅರ್ಧ ಸ್ಟಾರ್ ಕೊಡುತ್ತೇನೆ, ಉತ್ತರದಲ್ಲಿದ್ದ ವಿಷಯಕ್ಕೆ ಏನೂ ಇಲ್ಲ. ಕೂಪನ್ ಬಳಸಿಲ್ಲ. ಈ ಬ್ಯಾಚಿನ ಬಾಟಲಿ ಇನ್ನೂ ಇಟ್ಟುಕೊಂಡಿರುವವರು ಮಾಗಲಿ ಅಂತ ಕಾಯಬೇಡಿ, ಹುಳಿ ಜಾಸ್ತಿಯಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಈಗಲೇ ತೆಗೆದು ನೋಡಿ, ಕೆಟ್ಟಿದ್ದರೆ ಕೋಡ್ ಕಾಣುವ ಹಾಗೆ ಫೋಟೋ ತೆಗೆದು ಮೇಲ್ ಹಾಕಿ, 'ಕೂಪನ್ ಬೇಡ, ದುಡ್ಡು ಬೇಕು' ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಹಾಗೆ ಬರೆದ ಒಬ್ಬರಿಗೆ ದುಡ್ಡು ಬಂದಿದೆಯಂತೆ. ನಾನೂ ಮತ್ತೊಂದು ಮೇಲ್ ಕಳಿಸಿದ್ದೇನೆ, ಏನಾದರೂ ಬಂದರೆ ಸ್ಟಾರ್ ಬದಲಿಸುತ್ತೇನೆ.