ರಾಯಚೂರಿನ ಥೆರಪಿ ಸೆಂಟರೋ, ಊರಿನ ಸರ್ಕಾರಿ ಶಾಲೆಯೋ?

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮಟ್ಟಿಗೆ ಗೆದ್ದದ್ದು ಸಿಂಧನೂರು ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆ, ಜೊತೆಗೆ ತಾಲ್ಲೂಕಿನ ಬಿಆರ್‌ಸಿಯಿಂದ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬರುವ ಬಿಐಇಆರ್‌ಟಿ ಮೇಡಂ, ಅಂದರೆ ಇಂಥ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕಿ. ಮಗನಿಗೆ ಡೌನ್ ಸಿಂಡ್ರೋಮ್, ವಯಸ್ಸು ಒಂಬತ್ತು. ರಾಯಚೂರಿನ ಒಂದು ಖಾಸಗಿ ಥೆರಪಿ ಸೆಂಟರಿಗೂ ಒಯ್ದು, ದುಡ್ಡು ಸುರಿದು ನೋಡಿದ್ದಾಯಿತು.

ಸೆಂಟರಿನಲ್ಲಿ ಸಾಮಾನಿಗೇನೂ ಕೊರತೆ ಇರಲಿಲ್ಲ. ನನ್ನ ತಕರಾರೆಲ್ಲ ಬಾಗಿಲಿನದು. ಮಗನನ್ನು ಒಳಗೆ ಕರೆದುಕೊಂಡ ಕೂಡಲೇ ಬಾಗಿಲು ಹಾಕುತ್ತಿದ್ದರು, ನಾನು ಹೊರಗೆ ಬೆಂಚಿನ ಮೇಲೆ. 'ನೀವಿದ್ರ ಅವ ನಮ್ಮ ಮಾತು ಕೇಳಂಗಿಲ್ರಿ' ಅನ್ನುತ್ತಿದ್ದರು. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆದು, 'ಇವತ್ತ ಚಲೋ ಮಾಡ್ಯಾನ್ರಿ' ಎಂದು ಮುಂದಿನ ಮಗುವಿನ ಹೆಸರು ಕೂಗುತ್ತಿದ್ದರು. ಏನು ಮಾಡಿಸಿದಿರಿ, ಮನೆಯಲ್ಲಿ ನಾನೇನು ಮಾಡಿಸಲಿ ಎಂದು ಕೇಳಿದರೆ 'ಫೈಲಿನಾಗ ಬರ್ದೀವ್ರಿ'. ಫೈಲು ಅವರ ಕಪಾಟಿನಲ್ಲಿ!

ಅಂಗಿ ಗುಂಡಿಯದನ್ನೇ ನೋಡಿ. ಅಲ್ಲಿ ಮರದ ಹಲಗೆಗೆ ಬಟ್ಟೆ ಬಿಗಿದು ದೊಡ್ಡ ದೊಡ್ಡ ಗುಂಡಿ ಹೊಲಿದಿಟ್ಟಿದ್ದರು. ಅದರಲ್ಲಿ ಪಟಪಟನೆ ಹಾಕುತ್ತಾನೆಂದು ವಿಡಿಯೋ ತೋರಿಸಿದರು. ಮನೆಯಲ್ಲಿ ಅಂಗಿ ತೊಡಿಸಿದರೆ ಕೈ ಇಳಿಬಿಟ್ಟು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದ. ಇಂಥ ಎಷ್ಟೋ ಮಕ್ಕಳಿಗೆ ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರುವುದಿಲ್ಲ. ಹಲಗೆಯ ಗುಂಡಿ ಕಣ್ಣೆದುರಿಗಿರುತ್ತದೆ. ಅಂಗಿಯದು ಗದ್ದದ ಕೆಳಗೆ, ತಲೆ ಬಗ್ಗಿಸಿ ಹುಡುಕಬೇಕು.

ಬಿಐಇಆರ್‌ಟಿ ಮೇಡಂ ಅವನ ಯೂನಿಫಾರ್ಮ್ ಅಂಗಿಯನ್ನೇ ಹಿಡಿದರು. ಮೇಲಿನವನ್ನೆಲ್ಲ ನಾನು ಹಾಕಿ, ತೀರಾ ಕೆಳಗಿನದನ್ನು ಮಾತ್ರ ಕಾಜಾದೊಳಗೆ ಅರ್ಧ ತೂರಿಸಿ ಬಿಡಬೇಕು. ಆ ಕಡೆಯಿಂದ ಎಳೆಯುವುದಷ್ಟೇ ಅವನ ಕೆಲಸ. ಅದು ಕೈಗೆ ಕೂತ ಮೇಲೆ ತೂರಿಸುವುದೂ ಅವನದೇ, ಆಮೇಲೆ ಅದರ ಮೇಲಿನ ಗುಂಡಿ. 'ಅಕ್ಕಾರ, ನಾ ದಿನಾ ಬರಾಕ ಆಗಂಗಿಲ್ಲ, ನೀವು ಕಲೀಬೇಕು' ಎಂದು ನನ್ನ ಕೈಯಲ್ಲೇ ಮಾಡಿಸಿದರು. ಈಗ ಕೊರಳ ಹತ್ತಿರದ್ದೊಂದು ಬಿಟ್ಟು ಉಳಿದವೆಲ್ಲ ಅವನದೇ ಕೈಕೆಲಸ.

ದಿನಾ ಬರಲಾಗುವುದಿಲ್ಲ ಅನ್ನುವುದು ಈ ಕಡೆಯ ನಿಜವಾದ ಕೊರತೆ. ತಾಲ್ಲೂಕಿನ ಎಷ್ಟೋ ಶಾಲೆಗಳು ಅವರ ಪಟ್ಟಿಯಲ್ಲಿವೆ. ಬಂದಾಗ ಕೇಳಬೇಕಾದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿರುತ್ತೇನೆ. ಮಾತಿನ ವಿಷಯದಲ್ಲಂತೂ ಸೆಂಟರೇ ಮೇಲು, ಸ್ಪೀಚ್ ಥೆರಪಿ ಶಾಲೆಯಿಂದ ಆಗುವ ಕೆಲಸವಲ್ಲ.

ಶಾಲೆಯಲ್ಲಿ ಅವನಿಗೆ ಒಗ್ಗಿದ್ದು ನಲಿ-ಕಲಿ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ, ಪ್ರತಿ ಮಗು ತನ್ನ ಮೈಲಿಗಲ್ಲು ಮುಗಿಸಿಕೊಂಡು ಮುಂದೆ ಹೋಗುತ್ತದೆ. ಇವನು ಬಹಳ ದಿನ ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಲ್ಲೇ, ಅಂದರೆ ಶಿಕ್ಷಕರೇ ಜೊತೆಗೆ ಕೂತು ಕಲಿಸುವ ಗುಂಪಿನಲ್ಲೇ ಇದ್ದ. ಯಾರೂ ಹಿಂದೆ ಬಿದ್ದನೆನ್ನಲಿಲ್ಲ. ಬಿಸಿಯೂಟಕ್ಕೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದ್ದು ಮೇಡಂ ಅಲ್ಲ, ಪಕ್ಕದ ಮನೆ ಹುಡುಗಿ.

ಖರ್ಚು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನನ್ನ ಬಸ್ ಟಿಕೆಟ್ ಉಚಿತ, ನಿಜ. ಆದರೆ ಆಟೋ, ಊಟ, ಫೀಸು, ಹೊಲಿಗೆ ಮಷೀನು ಮುಚ್ಚಿಟ್ಟು ಹೋದ ದಿನದ ಗಳಿಕೆ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಇಂಥ ಮಕ್ಕಳಿಗೆ ಕೊಡುವ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗಿದ್ದು ಥೆರಪಿಗೂ ಸಿಗುತ್ತದೆ, ಬಿಲ್ಲು ಮಾತ್ರ ಸರಿಯಿರಬೇಕು. ನಮಗೆ ಸಿಗುತ್ತಿದ್ದದ್ದು ಸೀಲು ಸಹಿ ಇಲ್ಲದ ಚೀಟಿ.

ವಸತಿ ಶಾಲೆ ನಾವು ನೋಡಲಿಲ್ಲ. ಸನ್ನೆ ಭಾಷೆ ಬೇಕಾದ ಮಗುವಿದ್ದರೆ ಬಳ್ಳಾರಿಯ ಸರ್ಕಾರಿ ಕಿವುಡ ಮಕ್ಕಳ ಶಾಲೆಯಂಥದ್ದನ್ನು ವಿಚಾರಿಸುವುದು ಸರಿ. ಅಂಥ ಕಡೆ ಜೊತೆಗಾರರೂ ಅದೇ ಭಾಷೆಯವರು.

ದಾಖಲಾತಿಗೆ ಹಿಂದೇಟು ಹಾಕಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಂ ತೋರಿಸಿ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ, ಆಯ್ಕೆ ನಮ್ಮದು. ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸ್ ಜೊತೆಗಿರಲಿ.

ನಾಲ್ಕನೇ ತರಗತಿಗೆ ನಲಿ-ಕಲಿ ಇಲ್ಲ. ಅದಕ್ಕೆ ಈಗಲೇ ಹೆಡ್‌ಮಾಸ್ಟರ್ ಮತ್ತು ಮೇಡಂ ಇಬ್ಬರನ್ನೂ ಕೂರಿಸಿ ಮುಂದಿನ ವರ್ಷದ ಯೋಜನೆ ಬರೆಸುತ್ತಿದ್ದೇನೆ. ಮಾತಿಗಾಗಿ ಮಾತ್ರ ತಿಂಗಳಿಗೊಮ್ಮೆ ರಾಯಚೂರು. ಅದೂ ಬೇರೆ ಸೆಂಟರಿಗೆ: ಥೆರಪಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು, ನನ್ನನ್ನು ಒಳಗೆ ಕೂರಲು ಬಿಡಬೇಕು.